ಅಪ್ಪ ಅಮ್ಮನೊಂದಿಗೆ ಆರು ದಿನ ಟ್ರಿನಿಡಾಡ್: ಹೋಗಿಬಂದವರು ದಯವಿಟ್ಟು ತಿಳಿಸಿ

ತುಂಗಾತೀರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿ ನೆಲೆಸಿದ್ದೇವೆ. ಶಿವಮೊಗ್ಗದಿಂದ ಬಂದಿರುವ ನನ್ನ ತಂದೆತಾಯಿ ಏಪ್ರಿಲ್ ಮಧ್ಯದವರೆಗೆ ನಮ್ಮ ಜೊತೆಗಿರುತ್ತಾರೆ. ಇಲ್ಲಿನ ಚಳಿಯಿಂದ ಬೇಸತ್ತಿರುವ ಅವರನ್ನು ಮಾರ್ಚ್ ತಿಂಗಳಲ್ಲಿ ಆರು ದಿನಗಳ ಮಟ್ಟಿಗೆ ಬೆಚ್ಚಗಿನ ಊರೊಂದಕ್ಕೆ ಕರೆದೊಯ್ಯಬೇಕೆಂದಿದ್ದೇನೆ. ಕಚೇರಿಯ ಗೆಳೆಯರೆಲ್ಲ ಅರುಬಾ, ಪುಂಟಾ ಕಾನಾ ಎನ್ನುತ್ತಾರೆ. ಅಮ್ಮನನ್ನು ಕೇಳಿದರೆ, ಬರೀ ಸಮುದ್ರ ನೋಡುವುದಕ್ಕಾದರೆ ಮಲ್ಪೆ ಸಾಲದೇ ಎಂದು ಮಾತು ಮುಗಿಸಿಬಿಟ್ಟರು. ಅಪ್ಪ ಮಾತ್ರ ಕೆರಿಬಿಯನ್ ಎಂದ ಕೂಡಲೇ ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್ ಹೆಸರೆತ್ತಿದರು. 1976ರ ಏಪ್ರಿಲ್‌ನಲ್ಲಿ ಭಾರತ ಅಲ್ಲಿ 403 ರನ್‌ಗಳ ಗುರಿ ಮುಟ್ಟಿದ ಸುದ್ದಿಯನ್ನು ಓದಲು ಬಸ್ ನಿಲ್ದಾಣದಲ್ಲಿ ಪತ್ರಿಕೆಯ ಕಟ್ಟಿಗಾಗಿ ಕಾದು ನಿಂತಿದ್ದ ಕಥೆಯನ್ನು ನಾನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದೇನೆ.

ಅಪ್ಪನಿಗೆ 71 ವರ್ಷ, ಅಮ್ಮನಿಗೆ 66. ಇಬ್ಬರೂ ಚೆನ್ನಾಗಿ ನಡೆಯಬಲ್ಲರು, ಆದರೆ ಬಿಸಿಲಲ್ಲಿ ಹೆಚ್ಚು ಹೊತ್ತು ಇರಲಾರರು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಟ್ರಿನಿಡಾಡ್‌ನಲ್ಲಿ ಊಟಕ್ಕೆ ತೊಂದರೆಯಾಗುವುದೇ, ಪತ್ರಿಕೆಗಳಲ್ಲಿ ಓದುವಷ್ಟು ಅಪಾಯ ಅಲ್ಲಿ ನಿಜವಾಗಿಯೂ ಇದೆಯೇ, ಆರು ದಿನಗಳಲ್ಲಿ ಟೊಬೇಗೊ ದ್ವೀಪವನ್ನೂ ಸೇರಿಸಿಕೊಳ್ಳಬಹುದೇ ಎಂಬುದನ್ನು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಹಳೇ ಪೆವಿಲಿಯನ್:

ನಾನು 2023ರ ಜುಲೈನಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ನಡುವಿನ ನೂರನೆಯ ಟೆಸ್ಟ್ ನೋಡುವುದಕ್ಕೆಂದೇ ಹೋಗಿದ್ದೆ. ಕೊಹ್ಲಿಯ 121 ರನ್‌ಗಳನ್ನು ಕಂಡೆನಾದರೂ ಐದನೆಯ ದಿನ ಮಳೆಯಿಂದಾಗಿ ಒಂದು ಎಸೆತವೂ ನಡೆಯಲಿಲ್ಲ. ಅಲ್ಲಿ ಜೂನ್‌ನಿಂದ ಮಳೆಗಾಲ, ಜನವರಿಯಿಂದ ಮೇ ತನಕ ಒಣ ಹವೆ, ಆದ್ದರಿಂದ ನೀವು ಆರಿಸಿಕೊಂಡಿರುವ ತಿಂಗಳು ಸರಿಯಾಗಿದೆ. ಅಲ್ಲಿನ ದೊಡ್ಡ ಹಬ್ಬವಾದ ಕಾರ್ನಿವಲ್ ಮಾತ್ರ ಯಾವ ವಾರ ಬರುತ್ತದೆಂದು ನೋಡಿಕೊಳ್ಳಿ. ಆ ದಿನಗಳಲ್ಲಿ ಕೋಣೆ ಸಿಗುವುದೇ ಕಷ್ಟ, ಸಿಕ್ಕರೂ ಬಾಡಿಗೆ ಕೇಳುವಂತಿಲ್ಲ.

ನಿಮ್ಮ ತಂದೆಯವರಿಗೆ ಕ್ವೀನ್ಸ್ ಪಾರ್ಕ್ ಓವಲ್ ಒಂದೇ ಸಾಕು. ಮೈದಾನದ ಹಿಂದೆ ಹಸಿರು ಬೆಟ್ಟಸಾಲು ಎದ್ದು ನಿಂತಿರುತ್ತದೆ. ಪಂದ್ಯವಿಲ್ಲದ ದಿನ ಕಾವಲುಗಾರನನ್ನು ವಿನಯದಿಂದ ಕೇಳಿಕೊಂಡಾಗ ಆತ ನಮ್ಮನ್ನು ಒಳಗೆ ಬಿಟ್ಟು, ಯಾವ ಊರಿನವರೆಂದು ವಿಚಾರಿಸಿದ. ಬೆಂಗಳೂರು ಎಂದೆ. ಅವನು ಕೂಡಲೇ ‘ವಿಶ್ವನಾಥ್’ ಎಂದ. 1976ರ ಆ ಪಂದ್ಯದ ಮೊದಲ ಇನಿಂಗ್ಸ್‌ನಲ್ಲಿ ಆರು ವಿಕೆಟ್ ಕಿತ್ತವರು ಚಂದ್ರಶೇಖರ್, ಬೆನ್ನಟ್ಟುವಾಗ 112 ಹೊಡೆದವರು ವಿಶ್ವನಾಥ್, ಕೊನೆಗೆ 49 ರನ್‌ಗಳೊಂದಿಗೆ ಔಟಾಗದೆ ನಿಂತವರು ಬ್ರಿಜೇಶ್ ಪಟೇಲ್. ಮೂವರೂ ನಮ್ಮವರೇ ಎಂದು ನಾನು ಅವನಿಗೆ ಅರ್ಧ ಗಂಟೆ ಕೊರೆದೆ. 2007ರ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ಬಾಂಗ್ಲಾದೇಶಕ್ಕೆ ಸೋತದ್ದೂ ಇದೇ ಅಂಗಳದಲ್ಲಿ ಎಂಬುದನ್ನು ಅವನು ನೆನಪಿಸಿದ ಮೇಲೆ ಸುಮ್ಮನಾದೆ.

ಊಟದ ವಿಷಯದಲ್ಲಿ ಅಮ್ಮನವರಿಗೆ ನೀವು ಧೈರ್ಯ ಹೇಳಬಹುದು. 1845ರ ಮೇ 30ರಂದು ‘ಫತೆಲ್ ರಝಾಕ್’ ಹಡಗಿನಲ್ಲಿ ಬಂದಿಳಿದವರಿಂದ ಹಿಡಿದು 1917ರವರೆಗೆ ಕಬ್ಬಿನ ಗದ್ದೆಗಳ ಕರಾರು ಕೂಲಿಗಾಗಿ ಭಾರತದಿಂದ ಲಕ್ಷಕ್ಕೂ ಮಿಕ್ಕಿ ಜನ ಅಲ್ಲಿಗೆ ಹೋದರು. ಹೆಚ್ಚಿನವರು ಭೋಜ್‌ಪುರಿ ಮತ್ತು ಅವಧ್ ಸೀಮೆಯವರು, ಸ್ವಲ್ಪ ಮಂದಿ ಮದರಾಸು ಬಂದರಿನಿಂದ ಹೊರಟವರು. ಅವರ ಭಾಷೆ ಹೆಚ್ಚುಕಡಿಮೆ ಕಣ್ಮರೆಯಾಗಿದ್ದರೂ ಅಡುಗೆಮನೆಯಲ್ಲಿ ಉಳಿದುಕೊಂಡಿದೆ: ಒಗ್ಗರಣೆಗೆ ‘ಚುಂಕೇ’, ಜೀರಿಗೆಗೆ ‘ಗೀರಾ’, ಸುಟ್ಟ ಬದನೆಕಾಯಿಯ ಗೊಜ್ಜಿಗೆ ‘ಬೈಗನ್ ಚೋಕಾ’. ಬೆಳಿಗ್ಗೆ ರಸ್ತೆಬದಿಯಲ್ಲಿ ಡಬಲ್ಸ್ ತಿನ್ನದೆ ಬರಬೇಡಿ. ಅರಿಶಿನ ಹಾಕಿದ ಹಿಟ್ಟಿನ ಎರಡು ಮೆತ್ತನೆಯ ಬಾರಾಗಳ (ಪೂರಿಯಂಥ ಕರಿದ ರೊಟ್ಟಿ) ಮೇಲೆ ಬೇಯಿಸಿದ ಕಡಲೆ, ಹುಣಸೆಯ ಗೊಜ್ಜು, ಸೌತೆಕಾಯಿ ಹಾಕಿ, ಮಾರುವವನು ಮೇಣದ ಕಾಗದದಲ್ಲಿ ಇಟ್ಟು ಎರಡೂ ತುದಿಯನ್ನು ಒಮ್ಮೆಲೇ ತಿರುಚಿ ಕೈಗಿಡುತ್ತಾನೆ. ಆ ವೇಗವನ್ನು ನೋಡುತ್ತಾ ನಿಂತರೆ ಸರದಿ ತಪ್ಪುತ್ತದೆ. ಖಾರ ಎಷ್ಟು ಎಂದು ಕೇಳಿದಾಗ ‘ಸ್ಲೈಟ್’ ಎನ್ನಿ. ಬ್ಯಾಡಗಿ ಮೆಣಸಿನ ಧೈರ್ಯದಲ್ಲಿ ಹೆಚ್ಚು ಕೇಳಿದ ನನಗೆ ಆ ದಿನ ಮಧ್ಯಾಹ್ನದ ಊಟ ಸೇರಲಿಲ್ಲ. ದೇಬೆ ಎಂಬ ಊರಿನ ಅಂಗಡಿ ಸಾಲಿನಲ್ಲಿ ‘ಸಹೀನಾ’ ಸಿಗುತ್ತದೆ. ಕೆಸುವಿನ ಎಲೆಗೆ ಬೇಳೆಹಿಟ್ಟು ಸವರಿ ಸುತ್ತಿ ಕರಿದ ಅದನ್ನು ಕಂಡು ನನ್ನ ಹೆಂಡತಿ ‘ಇದು ನಮ್ಮ ಪತ್ರೊಡೆಯ ದಾಯಾದಿ’ ಎಂದಳು. ಆದರೆ ಕಲಾಲೂ ಎಂಬ ಸೊಪ್ಪಿನ ಪದಾರ್ಥ ಮಾತ್ರ ಹಸಿರಾಗಿದೆಯೆಂದು ನಂಬಿ ತಿನ್ನಬೇಡಿ, ಅದರಲ್ಲಿ ಏಡಿಯನ್ನೋ ಉಪ್ಪುಮಾಂಸವನ್ನೋ ಹಾಕುವುದು ವಾಡಿಕೆ.

ಒಂದು ದಿನವನ್ನು ಕಾರಪಿಚೈಮಾ ಕಡೆಗೆ ಮೀಸಲಿಡಿ. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರ ದತ್ತ ಪೀಠಕ್ಕೆ ಸೇರಿದ ದತ್ತಾತ್ರೇಯ ದೇವಸ್ಥಾನ ಅಲ್ಲಿದೆ, ಅದರ ಅಂಗಳದಲ್ಲಿ 85 ಅಡಿಯ ಹನುಮಂತ ನಿಂತಿದ್ದಾನೆ. ದಾರಿಯುದ್ದಕ್ಕೂ ಮನೆಗಳ ಮುಂದೆ ಬಿದಿರು ಗಳಕ್ಕೆ ಕಟ್ಟಿದ ಕೆಂಪು, ಹಳದಿ ಬಾವುಟಗಳಿರುತ್ತವೆ. ಪೂಜೆ ಮುಗಿದ ಮೇಲೆ ಅವುಗಳನ್ನು ನೆಡುತ್ತಾರೆ, ‘ಝಂಡಿ’ ಎನ್ನುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ವಾಟರ್‌ಲೂನಲ್ಲಿ ಸಮುದ್ರದೊಳಗೆ ಕಟ್ಟಿದ ಮಂದಿರವಿದೆ. ಸಿವದಾಸ್ ಸಾಧು ಎಂಬ ಕಬ್ಬಿನ ಕೂಲಿಕಾರ 1947ರಲ್ಲಿ ಸಕ್ಕರೆ ಕಂಪನಿಯ ಜಾಗದಲ್ಲಿ ಗುಡಿ ಕಟ್ಟಿದಾಗ ಅದನ್ನು ಕೆಡವಿ ಆತನನ್ನು ಹದಿನಾಲ್ಕು ದಿನ ಜೈಲಿಗೆ ಹಾಕಿದರು. ನೆಲ ನಿಮ್ಮದಾದರೆ ಸಮುದ್ರ ಯಾರದು ಎಂಬಂತೆ ಆತ ಸೈಕಲ್ಲಿನಲ್ಲಿ ಕಲ್ಲುಮಣ್ಣು ಹೊತ್ತು, ಇಳಿತದ ನೀರಿನಲ್ಲಿ ಸುರಿಯುತ್ತಾ, ವರ್ಷಗಟ್ಟಲೆ ದುಡಿದು ಅದನ್ನು ಕಟ್ಟಿದ. ಈಗಿನ ಕಟ್ಟಡವನ್ನು 1995ರ ಸುಮಾರಿಗೆ, ಭಾರತೀಯರು ಬಂದಿಳಿದ 150ನೆಯ ವರ್ಷದ ನೆನಪಿಗೆ, ಸರ್ಕಾರದ ನೆರವಿನಿಂದ ಪುನಃ ನಿರ್ಮಿಸಲಾಯಿತು. ಪಕ್ಕದ ದಂಡೆಯಲ್ಲೇ ಶವಸಂಸ್ಕಾರದ ಕಟ್ಟೆಗಳಿವೆ. ನಾವು ಹೋದಾಗ ಒಂದು ಚಿತೆ ಉರಿಯುತ್ತಿತ್ತು, ಹಿರಿಯರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಸಂಜೆ ಕರೋನಿ ಜೌಗಿನ ದೋಣಿ ಹತ್ತಿ. ಕಾಂಡ್ಲಾ ಗಿಡಗಳ ನಡುವಿನ ಕಾಲುವೆಯಲ್ಲಿ ಸಾಗಿ, ತೆರೆದ ನೀರಿಗೆ ಬಂದ ಮೇಲೆ ದೋಣಿಯವನು ಎಂಜಿನ್ ನಿಲ್ಲಿಸುತ್ತಾನೆ. ಐದೂವರೆಯ ಹೊತ್ತಿಗೆ ಮೊದಲು ಎರಡು ಮೂರು, ಆಮೇಲೆ ಹಿಂಡು ಹಿಂಡಾಗಿ ಕಡುಗೆಂಪು ಐಬಿಸ್ ಹಕ್ಕಿಗಳು ಬಂದು ಎದುರಿನ ನಡುಗಡ್ಡೆಯ ಮರಗಳ ಮೇಲೆ ಕೂರುತ್ತವೆ. ಹಸಿರಾಗಿದ್ದ ಮರ ನೋಡನೋಡುತ್ತಿದ್ದಂತೆ ಹೂಬಿಟ್ಟ ಮುತ್ತುಗದಂತಾಗುತ್ತದೆ. ಅಷ್ಟು ಕೆಂಪು ಅವು ತಿನ್ನುವ ಏಡಿ, ಸಿಗಡಿಗಳಿಂದ ಬರುತ್ತದಂತೆ. ಸೊಳ್ಳೆಯ ಮುಲಾಮು ಹಚ್ಚಿಕೊಂಡೇ ದೋಣಿ ಹತ್ತಿ.

ಕಡಲ ಮಗಳು:

ಮೇಲಿನವರು ಬರೆದದ್ದೆಲ್ಲ ನಿಜವಾದರೂ ಸುರಕ್ಷತೆಯ ಪ್ರಶ್ನೆಗೆ ಅವರು ಉತ್ತರವನ್ನೇ ಕೊಟ್ಟಿಲ್ಲ. ಗುಂಪುಗಳ ನಡುವಿನ ಗುಂಡೇಟು ಮತ್ತು ಕೊಲೆಗಳ ಕಾರಣದಿಂದ ಅಲ್ಲಿನ ಸರ್ಕಾರ 2024ರ ಡಿಸೆಂಬರ್ 30ರಂದು ತುರ್ತು ಪರಿಸ್ಥಿತಿ ಘೋಷಿಸಿತ್ತು, 2025ರ ಜುಲೈನಲ್ಲಿ ಮತ್ತೊಮ್ಮೆ ಘೋಷಿಸಿತು. ಟಿಕೆಟ್ ತೆಗೆಯುವ ಮುನ್ನ ಆ ವಾರದ ಸ್ಥಿತಿ ಏನೆಂದು ನೋಡಲೇಬೇಕು. ಪ್ರವಾಸಿಗರು ಓಡಾಡುವ ಕಡೆ ಹಗಲಿನಲ್ಲಿ ನಮಗೆ ಯಾವ ಭಯವೂ ಆಗಲಿಲ್ಲ, ಆದರೆ ಕತ್ತಲಾದ ಮೇಲೆ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಕಾಲ್ನಡಿಗೆಯಲ್ಲಿ ತಿರುಗಲಿಲ್ಲ, ಮೈಮೇಲೆ ಚಿನ್ನ ಹಾಕಿಕೊಳ್ಳಲಿಲ್ಲ. ಅಮ್ಮನವರ ಸರ, ಬಳೆ ನ್ಯೂಜೆರ್ಸಿಯಲ್ಲೇ ಇರಲಿ. ಅಲ್ಲಿನ ಟ್ಯಾಕ್ಸಿಗಳ ನಂಬರ್ ಫಲಕ ‘ಎಚ್’ ಅಕ್ಷರದಿಂದ ಶುರುವಾಗುತ್ತದೆ. ಅದನ್ನು ಗಮನಿಸದೆ ನಾವು ವಿಮಾನ ನಿಲ್ದಾಣದ ಹೊರಗೆ ಯಾರದೋ ಖಾಸಗಿ ಕಾರು ಹತ್ತಿ, ಒಪ್ಪಿದ ಹಣದ ಎರಡರಷ್ಟು ತೆತ್ತು ಇಳಿದೆವು. ಇನ್ನೊಂದು ವಿಷಯ, ಸೈನಿಕರ ಚುಕ್ಕೆಬಣ್ಣದ ಬಟ್ಟೆಯನ್ನು ಸಾರ್ವಜನಿಕರು ತೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಮಕ್ಕಳ ಚಡ್ಡಿ, ಟೊಪ್ಪಿಗೆಯನ್ನೂ ನೋಡಿ ತುಂಬಿಕೊಳ್ಳಿ.

ಟೊಬೇಗೊವನ್ನು ಖಂಡಿತ ಸೇರಿಸಿಕೊಳ್ಳಿ, ಆದರೆ ಹಡಗಿನಲ್ಲಲ್ಲ. ನಾವು ಹಡಗಿನಲ್ಲಿ ಹೋದ ದಿನ ಮೂರು ಗಂಟೆಗೂ ಹೆಚ್ಚು ಹೊತ್ತು ಅಲೆಗಳ ತೊಯ್ದಾಟದಲ್ಲಿ ನಮ್ಮ ಮಾವನವರು ತಲೆ ಎತ್ತಲಿಲ್ಲ. ವಿಮಾನದಲ್ಲಿ ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಪಿಜನ್ ಪಾಯಿಂಟ್‌ನಿಂದ ಗಾಜಿನ ತಳದ ದೋಣಿಯಲ್ಲಿ ಬುಕ್ಕೂ ಹವಳದ ದಿಬ್ಬಗಳನ್ನು ತೋರಿಸಿ, ನೈಲಾನ್ ಪೂಲ್ ಎಂಬಲ್ಲಿ ಇಳಿಸುತ್ತಾರೆ. ಸುತ್ತಲೂ ಸಮುದ್ರವಿದ್ದರೂ ಕಾಲಡಿಯ ಬಿಳಿ ಮರಳು ಕಾಣುವಷ್ಟು ತಿಳಿಯಾದ, ಸೊಂಟದ ಮಟ್ಟದ ನೀರು. ಈಜು ಬಾರದ ನಮ್ಮ ಅತ್ತೆ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಅಲ್ಲಿ ನಿಂತು ಫೋಟೊ ತೆಗೆಸಿಕೊಂಡರು. 1776ರಲ್ಲೇ ಕಾನೂನಿನ ರಕ್ಷಣೆ ಪಡೆದ ಮೇನ್ ರಿಡ್ಜ್ ಕಾಡು ಕೂಡ ಈ ದ್ವೀಪದಲ್ಲೇ ಇದೆ, ನೆರಳಿನ ಹಾದಿಯಾದ್ದರಿಂದ ಬಿಸಿಲಿನ ಚಿಂತೆಯಿಲ್ಲ. ಸಸ್ಯಾಹಾರ ಮಾತ್ರ ಟ್ರಿನಿಡಾಡ್‌ನಷ್ಟು ಸುಲಭವಾಗಿ ಸಿಗದು, ಅವಲಕ್ಕಿಯ ಪೊಟ್ಟಣವೊಂದು ಜೊತೆಗಿರಲಿ.

ಮರಳಿ ಬಂದವ:

ಯಾರೂ ಹೇಳದ ಒಂದು ಮುಖ್ಯ ವಿಷಯವನ್ನು ಸೇರಿಸುತ್ತಿದ್ದೇನೆ. ಟ್ರಿನಿಡಾಡ್ ಸೊಳ್ಳೆಯಿಂದ ಹರಡುವ ಹಳದಿ ಜ್ವರದ (ಯೆಲ್ಲೋ ಫೀವರ್) ಪಟ್ಟಿಯಲ್ಲಿರುವ ಪ್ರದೇಶ. ಅಲ್ಲಿಂದ ಹೊರಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡ ಪ್ರಮಾಣಪತ್ರ ತೋರಿಸಬೇಕು, ಇಲ್ಲವಾದರೆ ಆರು ದಿನ ತುಂಬುವವರೆಗೆ ಪ್ರತ್ಯೇಕವಾಗಿ ಇರಿಸುತ್ತಾರೆ. ಈ ನಿಯಮ ನನಗೆ ಗೊತ್ತಾದದ್ದು ವಿಮಾನ ನಿಲ್ದಾಣದ ಆರೋಗ್ಯ ತಪಾಸಣೆಯ ಮೇಜಿನ ಮುಂದೆ. ಟ್ರಿನಿಡಾಡ್ ಬಿಟ್ಟ ನಾಲ್ಕನೆಯ ದಿನ ನಾನು ಭಾರತದಲ್ಲಿ ಇಳಿದಿದ್ದೆ, ತಂಗಿಯ ಮದುವೆಗೆ ಮೂರು ದಿನವಿತ್ತು. ಹೊರಗೆ ಕಾಯುತ್ತಿದ್ದ ಅಣ್ಣ ಕಾರು ತಿರುಗಿಸಿಕೊಂಡು ಮನೆಗೆ ಹೋದ. ನಾನು ಎರಡು ದಿನ ಆಸ್ಪತ್ರೆಯ ಕೋಣೆಯೊಂದರಲ್ಲಿ ಸೊಳ್ಳೆಪರದೆಯ ಕೆಳಗೆ ಕುಳಿತು, ದೇವರಕಾರ್ಯವನ್ನು ಫೋನಿನಲ್ಲಿ ನೋಡಿದೆ.

ಲಸಿಕೆ ಹಾಕಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಆ ಪತ್ರಕ್ಕೆ ಬೆಲೆ ಬರುತ್ತದೆ, ಆಮೇಲೆ ಅದು ಜೀವನಪೂರ್ತಿ ನಡೆಯುತ್ತದೆ. ಆದರೆ ಅರವತ್ತು ದಾಟಿದವರಿಗೆ ಈ ಲಸಿಕೆಯಿಂದ ತೀವ್ರ ಅಡ್ಡಪರಿಣಾಮವಾಗುವ ಸಾಧ್ಯತೆ ಹೆಚ್ಚು ಎಂದು ವೈದ್ಯರು ಎಚ್ಚರಿಸುತ್ತಾರೆ. ಆದ್ದರಿಂದ ನಿಮ್ಮ ತಂದೆತಾಯಿಯ ವಿಷಯದಲ್ಲಿ ವೈದ್ಯರನ್ನು ಕೇಳದೆ ಯಾವ ತೀರ್ಮಾನವನ್ನೂ ಮಾಡಬೇಡಿ. ಪ್ರವಾಸ ಮುಗಿಸಿ ನ್ಯೂಜೆರ್ಸಿಗೆ ಮರಳಿದ ಮೇಲೆ ಅವರು ವಾರಕ್ಕಿಂತ ಹೆಚ್ಚು ಕಾಲ ಅಲ್ಲೇ ಉಳಿಯುವಂತಿದ್ದರೆ ಭಾರತದ ಆರು ದಿನಗಳ ನಿಯಮ ಅವರಿಗೆ ತಾಗುವುದಿಲ್ಲ. ಲಸಿಕೆ ಬೇಕೇ ಬೇಡವೇ ಎಂಬುದು ಆಗ ಅವರ ಆರೋಗ್ಯಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯಾಗುತ್ತದೆ.

ತುಂಗಾತೀರ:

ಮೂವರಿಗೂ ಧನ್ಯವಾದಗಳು. ಹಳದಿ ಜ್ವರದ ವಿಷಯ ನಮ್ಮ ತಲೆಗೇ ಹೊಳೆದಿರಲಿಲ್ಲ. ಅವರು ಊರಿಗೆ ಹೊರಡುವುದು ಏಪ್ರಿಲ್ 16ರಂದು. ಆದ್ದರಿಂದ ಮಾರ್ಚ್ ಎರಡನೆಯ ವಾರದಲ್ಲಿ ಹೋಗಿಬರುವುದೆಂದು ನಿಶ್ಚಯಿಸಿದ್ದೇವೆ: ನಾಲ್ಕು ದಿನ ಟ್ರಿನಿಡಾಡ್, ಎರಡು ದಿನ ಟೊಬೇಗೊ. ವೈದ್ಯರ ಭೇಟಿಗೆ ಈ ವಾರವೇ ಸಮಯ ಕೇಳಿದ್ದೇನೆ. ಮಾರ್ಚ್‌ನಿಂದ ದೊಡ್ಡ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆಂದು ಓದಿದೆ. ಪಿಚ್ ಲೇಕ್ ಎಂಬ ಡಾಂಬರಿನ ಕೆರೆಯೂ ಇದೆಯಂತೆ. ಎರಡರಲ್ಲಿ ಒಂದಕ್ಕಷ್ಟೇ ಬಿಡುವಿದೆ, ಯಾವುದನ್ನು ಆರಿಸಲಿ?

ಹಳೇ ಪೆವಿಲಿಯನ್:

ಆಮೆಗಳಿಗೆ ಮಾರ್ಚ್ ಋತುವಿನ ಆರಂಭವಷ್ಟೇ. ಗ್ರಾಂಡ್ ರಿವಿಯೇರ್ ತನಕ ಬೆಟ್ಟದ ತಿರುವುಗಳಲ್ಲಿ ಗಂಟೆಗಟ್ಟಲೆ ಪ್ರಯಾಣ, ಪರವಾನಗಿ ಬೇರೆ ಬೇಕು, ಮಧ್ಯರಾತ್ರಿ ಕತ್ತಲಲ್ಲಿ ಮರಳಿನ ಮೇಲೆ ಕಾಯಬೇಕು. ಹಿರಿಯರಿಗೆ ಅದು ಬೇಡ. ಪಿಚ್ ಲೇಕ್ ಇರುವ ಲಾ ಬ್ರೇಯಾ ರಾಜಧಾನಿಯಿಂದ ಎರಡು ಗಂಟೆಯ ದಾರಿ, ಹೋಗುವಾಗ ದೇಬೆಯ ಸಹೀನಾವನ್ನೂ ಮುಗಿಸಿಕೊಳ್ಳಬಹುದು. ಸುಮಾರು ನೂರು ಎಕರೆಯ ಆ ಕೆರೆ ಮೇಲ್ನೋಟಕ್ಕೆ ಹಳೆಯ ವಾಹನ ನಿಲುಗಡೆಯ ಜಾಗದಂತೆ ಕಾಣುವುದರಿಂದ ಮೊದಲು ನಿರಾಸೆಯಾಗುತ್ತದೆ. ಮಾರ್ಗದರ್ಶಿ ಕೋಲಿನ ತುದಿಯಿಂದ ಮೆತ್ತಗಿನ ಜಾಗವೊಂದನ್ನು ಚುಚ್ಚಿ ಎತ್ತಿದಾಗ, ಕರಿಯ ಎಳೆ ಕಾಕಂಬಿಯ ಪಾಕದಂತೆ ಉದ್ದಕ್ಕೆ ಎಳೆದುಕೊಂಡು ಬರುತ್ತದೆ. ಅವನ ಹೆಜ್ಜೆಯ ಮೇಲೆಯೇ ಹೆಜ್ಜೆಯಿಟ್ಟು ನಡೆಯಿರಿ, ಬೆಳಿಗ್ಗೆ ಒಂಬತ್ತರೊಳಗೆ ತಲುಪಿ. ಹನ್ನೊಂದರ ಮೇಲೆ ಆ ಕಪ್ಪು ನೆಲ ಕಾದ ಬಾಣಲೆಯಾಗುತ್ತದೆ, ನನ್ನ ಚಪ್ಪಲಿಯ ಒಂದು ಅಟ್ಟೆ ಈಗಲೂ ಅಲ್ಲೇ ಇದೆ.