ಅಪ್‌ಡೇಟ್: ಎರಡು ಕ್ಸಿಯಾನ್ ಜೊತೆ ಗೇಮಿಂಗ್, ಕೊನೆಗೆ 1000 ವ್ಯಾಟ್

ಎರಡು ಕ್ಸಿಯಾನ್ ಇ5-2680 ವಿ4 (ಇಂಟೆಲ್‌ನ ಸರ್ವರ್ ಪ್ರೊಸೆಸರ್) ಇರುವ, ರೆಂಡರಿಂಗ್ ಅಂದ್ರೆ ಕಂಪ್ಯೂಟರಲ್ಲೇ ಚಿತ್ರ, ವಿಡಿಯೊ ತಯಾರಿಸುವ ಮಷಿನ್‌ಗೆ ಆರ್‌ಟಿಎಕ್ಸ್ 3080 ಗ್ರಾಫಿಕ್ಸ್ ಕಾರ್ಡ್ ಸೇರಿಸಿ ಗೇಮ್ ಕೂಡ ಆಡಬೇಕು, 850 ವ್ಯಾಟ್ ಪವರ್ ಸಪ್ಲೈ ಸಾಕಾ ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. 1000 ವ್ಯಾಟ್‌ನದ್ದು ಹಾಕಿದ್ದೇನೆ, ಆರಾಮಾಗಿ ಓಡ್ತಿದೆ.

ಪ್ರೊಸೆಸರ್‌ಗೆ ತಲಾ 120, ಕಾರ್ಡ್‌ಗೆ 320, ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಅಂದಾಜು ನೂರು ಹಿಡಿದರೆ 660. ಕಾಗದದ ಮೇಲೆ 850 ಧಾರಾಳ. ಬರೀ ಗೇಮ್ ಆಡುವವರಿಗೆ ಈಗಲೂ ಅದೇ ಸಾಕು ಅಂತೀನಿ, ಯಾಕಂದ್ರೆ ಆಗ ಎರಡನೇ ಪ್ರೊಸೆಸರ್ ಹೆಚ್ಚುಕಮ್ಮಿ ಸುಮ್ಮನೆ ಕೂತಿರುತ್ತೆ. ನಾನು ಹಿಂದೆ ರೆಂಡರ್ ಓಡಲು ಬಿಟ್ಟು ಆಡೋ ಗಿರಾಕಿ. ಈ ಕಾರ್ಡ್ ಕೆಲವು ಮಿಲಿಸೆಕೆಂಡು 320 ದಾಟಿ ಬಹಳ ಮೇಲಕ್ಕೆ ಜಿಗಿಯುತ್ತೆ. ಅದೇ ಹೊತ್ತಿಗೆ ಎರಡೂ ಪ್ರೊಸೆಸರ್ ಪೂರ್ತಿ ದುಡೀತಿದ್ರೆ ಪವರ್ ಸಪ್ಲೈನ ರಕ್ಷಣಾ ಸರ್ಕ್ಯೂಟ್ ಮಷಿನ್ನನ್ನೇ ಆರಿಸಿಬಿಡಬಹುದು. ರಾತ್ರಿಯಿಡೀ ಓಡಿದ ರೆಂಡರ್ ಹೋದರೆ ಯಾರಿಗೆ ಬೇಕು?

ವ್ಯಾಟ್‌ಗಿಂತ ಹೆಚ್ಚು ತಲೆ ತಿಂದಿದ್ದು ಕನೆಕ್ಟರ್. ಬೋರ್ಡ್‌ಗೆ 8 ಪಿನ್ನಿನ ಇಪಿಎಸ್ ಕೇಬಲ್ (ಪ್ರೊಸೆಸರ್‌ಗೆ ಕರೆಂಟ್ ಕೊಡೋದು) ಎರಡು ಬೇಕು, ಪ್ರೊಸೆಸರ್‌ಗೆ ಒಂದೊಂದು. ಕೆಲವು ಪವರ್ ಸಪ್ಲೈಗಳಲ್ಲಿ ಒಂದೇ ಇರುತ್ತೆ. ಗ್ರಾಫಿಕ್ಸ್ ಕಾರ್ಡ್‌ಗೆ ಹಾಕುವ ಪಿಸಿಐಇ 8 ಪಿನ್ ನೋಡೋಕೆ ಅದರ ಹಾಗೇ ಇದೆ ಅಂತ ಒತ್ತಿ ತುರುಕಬೇಡಿ, 12 ವೋಲ್ಟ್ ಮತ್ತು ಗ್ರೌಂಡ್ ಅದಲು ಬದಲಾಗಿರುತ್ತೆ. ಹಳೇ ಪವರ್ ಸಪ್ಲೈನ ಮಾಡ್ಯುಲರ್ (ಬಿಚ್ಚಿ ತೆಗೆಯಬಹುದಾದ) ಕೇಬಲ್‌ಗಳನ್ನೂ ಹೊಸದಕ್ಕೆ ಬಳಸಲಿಲ್ಲ. ಸಪ್ಲೈ ಕಡೆಯ ಪಿನ್ ಜೋಡಣೆಗೆ ಸ್ಟ್ಯಾಂಡರ್ಡ್ ಅನ್ನೋದೇ ಇಲ್ಲ.

ಕಾರ್ಡ್‌ಗೂ ಎರಡು ಬೇರೆ ಬೇರೆ ಕೇಬಲ್ ಎಳೆದಿದ್ದೇನೆ. ಪವರ್ ಸಪ್ಲೈ ಎಷ್ಟು ಕಮ್ಮಿ ವಿದ್ಯುತ್ ಪೋಲು ಮಾಡುತ್ತೆ ಅನ್ನೋದಕ್ಕೆ ಕೊಡುವ ರೇಟಿಂಗ್‌ನಲ್ಲಿ ಪ್ಲಾಟಿನಂ ತಗೊಳ್ಳಿ ಅಂತ ಸಲಹೆ ಕೊಟ್ಟವರು ಕ್ಷಮಿಸಿ, ಅದಕ್ಕಿಂತ ಕೆಳಗಿನ ಗೋಲ್ಡ್‌ಗೇ ನಿಲ್ಲಿಸಿದೆ.