ಬ್ಯಾಡಗಿ ಮನೆಯ ಅಲಾರಾಂ: ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಚರ್ಚೆ

ಕಾಕಾ: (ಫೋಟೊ) ನೀವೆಲ್ಲ ಹಣ ಕೂಡಿಸಿ ತಂದ ಸ್ಮೋಕ್ ಡಿಟೆಕ್ಟರ್ ಇದು. ಬ್ಯಾಟರಿ ತೆಗೆದು ಗೋಡೆಯ ಗೂಡಿನಲ್ಲಿ ಇಟ್ಟಿದ್ದೇನೆ. ನಿನ್ನೆ ಮಸಾಲೆಗೆ ಮೆಣಸಿನಕಾಯಿ ಹುರಿಯುವಾಗ ಮೂರು ಸಲ ಕೂಗಿತು. ಓಣಿಯವರೆಲ್ಲ ಓಡಿ ಬಂದರು. ಇನ್ನು ಬೇಡ.

ನಾನು: ಕಾಕಾ, ದಯವಿಟ್ಟು ಇವತ್ತೇ ಬ್ಯಾಟರಿ ಹಾಕಿ. ತಪ್ಪು ಯಂತ್ರದ್ದಲ್ಲ, ನನ್ನದು. ಅಡುಗೆಮನೆಯಲ್ಲಿ ಹಾಕಿಸಿದವಳು ನಾನೇ. ಒಗ್ಗರಣೆಯ ಹೊಗೆಗೂ ಬೆಂಕಿಯ ಹೊಗೆಗೂ ಇರುವ ವ್ಯತ್ಯಾಸ ಅದಕ್ಕೆ ತಿಳಿಯುವುದಿಲ್ಲ. ಒಲೆಯಿಂದ ಕನಿಷ್ಠ 3 ಮೀಟರ್ ದೂರ ಇರಬೇಕಿತ್ತು. ಅಡುಗೆಮನೆಗೆ ಬೇಕಾದದ್ದು ಹೀಟ್ ಡಿಟೆಕ್ಟರ್. ಹೊಗೆ ಎಷ್ಟೇ ಬಂದರೂ ಅದು ಸುಮ್ಮನಿರುತ್ತದೆ. ಮಾಳಿಗೆಯ ಕೆಳಗಿನ ಗಾಳಿ ಸುಮಾರು 57 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದರೆ ಕೂಗುತ್ತದೆ.

ಅಣ್ಣ: ಹಾಗಾದರೆ ಎಲ್ಲ ಕೋಣೆಗಳಿಗೂ ಅದನ್ನೇ ಹಾಕಿಬಿಡೋಣ. ಗದ್ದಲವೇ ಇರುವುದಿಲ್ಲ.

ನಾನು: ಬೇಡ ಅಣ್ಣ. ಆಯಿಯ ಕೌದಿಯ ಮೇಲೆ ಊದಿನಕಡ್ಡಿಯ ಕಿಡಿ ಬಿತ್ತು ಎಂದುಕೊ. ಹಳೆಯ ಅರಿವೆ ತಕ್ಷಣ ಹೊತ್ತಿ ಉರಿಯದೆ ಬಹಳ ಹೊತ್ತು ಒಳಗೊಳಗೇ ಹೊಗೆಯಾಡಬಹುದು. ಕೋಣೆ ಕಾಯುವುದಕ್ಕೆ ಮೊದಲೇ ಮಲಗಿದವರ ಉಸಿರು ಕಟ್ಟುತ್ತದೆ. ನಿದ್ದೆಯಲ್ಲಿ ಮೂಗು ನಮ್ಮನ್ನು ಎಬ್ಬಿಸುತ್ತದೆ ಎಂದು ನಂಬುವಂತಿಲ್ಲ. ಮಲಗುವ ಕಡೆ ಸ್ಮೋಕ್ ಡಿಟೆಕ್ಟರ್ ಇರಲೇಬೇಕು, ಅದೂ ಫೋಟೊಎಲೆಕ್ಟ್ರಿಕ್ ಬಗೆಯದು. ಅದರೊಳಗೆ ಒಂದು ಬೆಳಕಿನ ಕಿರಣವಿರುತ್ತದೆ. ಹೊಗೆಯ ಕಣಗಳಿಗೆ ತಾಗಿ ಬೆಳಕು ಚದುರಿ ಸಂವೇದಕದ ಮೇಲೆ ಬಿದ್ದಾಗ ಕೂಗುತ್ತದೆ. ಹೊಗೆಯಾಡುವ ಬೆಂಕಿಯನ್ನು ಬೇಗ ಹಿಡಿಯುವುದು ಇದೇ. ಅಮೆರಿಶಿಯಂ ಎಂಬ ವಿಕಿರಣಶೀಲ ವಸ್ತು ಇರುವ ಇನ್ನೊಂದು, ಅಯೊನೈಸೇಶನ್ ಬಗೆಯದು ಭುಗಿಲೇಳುವ ಬೆಂಕಿಗೆ ಚುರುಕು, ಆದರೆ ಅಡುಗೆಯ ಹೊಗೆಗೆ ಸುಮ್ಮನೆ ಕೂಗುವುದೂ ಹೆಚ್ಚು.

ಚಿಗವ್ವ: ಹುರಿಯುವ ಮಾತು ಹಾಗಿರಲಿ. ಹೋದ ತಿಂಗಳು ನಸುಕಿನ ಮೂರು ಗಂಟೆಗೆ ನಿಮಿಷಕ್ಕೊಮ್ಮೆ ಚಿಲಿಪಿಲಿ ಎನ್ನತೊಡಗಿತು. 68 ವರ್ಷದ ನಿಮ್ಮ ಕಾಕಾ ಆ ಕತ್ತಲಲ್ಲಿ ಏಣಿ ಹತ್ತಿದರು. ಜಾರಿ ಬಿದ್ದಿದ್ದರೆ? ಹುಬ್ಬಳ್ಳಿಯಲ್ಲಿ ಕುಳಿತು ಹೇಳುವುದು ಸುಲಭ.

ನಾನು: ಚಿಗವ್ವ, ಈ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ. ಅದು ಬ್ಯಾಟರಿ ಸೋತ ಸೂಚನೆ. ನಸುಕಿನ ತಂಪಿಗೆ ಸೋತ ಬ್ಯಾಟರಿಯ ವೋಲ್ಟೇಜ್ ಇನ್ನಷ್ಟು ಇಳಿಯುತ್ತದೆ, ಅದಕ್ಕೇ ಆ ಹೊತ್ತಿನಲ್ಲಿ ಶುರುವಾಗುತ್ತದೆ. ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಬೇಕಿತ್ತು. ಹಾಕಿಸಿ ಹೋದ ಮೇಲೆ ನಾವು ಯಾರೂ ತಿರುಗಿ ನೋಡಲಿಲ್ಲ. ಇನ್ನು ಮುಂದೆ ತಿಂಗಳ ಮೊದಲ ರವಿವಾರ ನಾನೇ ಬರುತ್ತೇನೆ. ಟೆಸ್ಟ್ ಗುಂಡಿ ಒತ್ತುತ್ತೇನೆ, ಧೂಳನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆಯುತ್ತೇನೆ. ಪೇಟೆಗೆ ಮೆಣಸಿನಕಾಯಿ ಬರುವ ದಿನಗಳಲ್ಲಿ ನಮ್ಮ ಪಡಸಾಲೆಯಲ್ಲಿ ಎಷ್ಟು ಧೂಳು ಕೂರುತ್ತದೆ ಎಂದು ನಿಮಗೇ ಗೊತ್ತು. ಕಾಕಾ ಏಣಿ ಹತ್ತುವುದು ಬೇಡವೇ ಬೇಡ.

ಅಣ್ಣ: ಸಿಲಿಂಡರ್ ಸೋರಿದರೆ ಇದು ಹೇಳುತ್ತದೆಯೇ?

ನಾನು: ಇಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ. ಅದಕ್ಕೆ ಬೇರೆಯೇ ಡಿಟೆಕ್ಟರನ್ನು ನೆಲದ ಹತ್ತಿರ ಹಾಕಬೇಕು.

ಕಾಕಾ: ಎಲ್ಲ ಸರಿ. ಆಯಿಗೆ ಕಿವಿ ಕೇಳುವುದಿಲ್ಲವಲ್ಲ. ಅಡುಗೆಮನೆ ಬಿಟ್ಟು ಪಡಸಾಲೆಯಲ್ಲಿ ಅವಳ ಕೋಣೆಯ ಮುಂದೆ ಹಾಕಿದರೂ ಇದು ಕೂಗಿದರೇನು, ಬಿಟ್ಟರೇನು?

ನಾನು: ಇದೇ ನನ್ನನ್ನೂ ಕೊರೆಯುತ್ತಿರುವ ಪ್ರಶ್ನೆ, ಕಾಕಾ. ಸಾಮಾನ್ಯ ಅಲಾರಾಂ ಸುಮಾರು 3,000 ಹರ್ಟ್ಜ್‌ನಲ್ಲಿ ಕೀರಲಾಗಿ ಕೂಗುತ್ತದೆ. ವಯಸ್ಸಾದವರ ಕಿವಿಯಲ್ಲಿ ಮೊದಲು ಹೋಗುವುದೇ ಅಂಥ ಕೀರಲು ಧ್ವನಿ. 520 ಹರ್ಟ್ಜ್‌ನ ದಪ್ಪ ಧ್ವನಿಯ ಅಲಾರಾಂಗಳೂ ಇವೆ, ಅವಕ್ಕೆ ಎಚ್ಚರಾಗುವವರು ಹೆಚ್ಚು. ಇನ್ನೊಂದು ದಾರಿ, ಒಂದಕ್ಕೊಂದು ಜೋಡಿಸಿದ ಡಿಟೆಕ್ಟರ್‌ಗಳು. ಆಯಿಯ ಕೋಣೆಯ ಮುಂದಿನದು ಹೊಗೆ ಕಂಡರೆ ಮಹಡಿಯಲ್ಲಿ ನಿಮ್ಮ ತಲೆಯ ಮೇಲಿನದೂ ಕೂಗುತ್ತದೆ. ಆಗ ಅವಳನ್ನು ಎತ್ತಿಕೊಂಡು ಬರಲು ನೀವಿರುತ್ತೀರಿ. ಹಣ ನಾನು ಕೊಡುತ್ತೇನೆ.

ಕಾಕಾ: ಹಣದ ಮಾತು ತೆಗೆಯಬೇಡ, ನಾನೇ ಕೊಡುತ್ತೇನೆ. ಪಡಸಾಲೆಯಲ್ಲಿ ಎಲ್ಲಿ ಹಾಕಬೇಕು? ಬೆಳಕಿಂಡಿಯ ಹತ್ತಿರ ಮೊಳೆ ಇದೆ.

ನಾನು: ಅಲ್ಲಿ ಬೇಡ, ಗಾಳಿಯ ಸೆಳೆತಕ್ಕೆ ಹೊಗೆ ಡಿಟೆಕ್ಟರಿಗೆ ತಾಗದೆ ಹೊರಗೆ ಹೋಗುತ್ತದೆ. ಫ್ಯಾನಿನ ಹತ್ತಿರವೂ ಬೇಡ. ಹಿಂಬದಿಯಲ್ಲಿ ತಯಾರಾದ ದಿನಾಂಕವಿದೆ, ಅದರ ಫೋಟೊ ಕಳಿಸಿ. ಅಲ್ಲಿಂದ 10 ವರ್ಷವಾದರೆ ಇಡೀ ಡಿಟೆಕ್ಟರನ್ನೇ ಬದಲಿಸಬೇಕು.

ಕಾಕಾ: (ಫೋಟೊ) ಬ್ಯಾಟರಿ ಹಾಕಿದ್ದೇನೆ. ಸದ್ಯಕ್ಕೆ ಪಡಸಾಲೆಯ ಕಪಾಟಿನ ಮೇಲಿದೆ. ರವಿವಾರ ಬಾ. ಆಯಿಯ ಕೋಣೆಯ ಬಾಗಿಲು ಮುಚ್ಚಿ ಗುಂಡಿ ಒತ್ತೋಣ. ಅವಳಿಗೆ ಕೇಳದಿದ್ದರೆ ಅವತ್ತೇ ಆ ದಪ್ಪ ಧ್ವನಿಯದನ್ನು ತರಿಸು.