ಪದಚರ್ಚೆ: ‘ಘನ’ ಅಂದರೆ ಗಟ್ಟಿಯೋ, ಆರು ಮುಖದ ಡಬ್ಬಿಯೋ?

ಎಲ್ಲರಿಗೂ ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಐದನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಎರಡನ್ನೂ ಕಲಿಸುತ್ತೇನೆ. ಎರಡಕ್ಕೂ ಒಬ್ಬನೇ ಮೇಷ್ಟ್ರು ಆಗಿರುವುದರಿಂದ, ಒಂದು ಪುಸ್ತಕದ ಪದ ಇನ್ನೊಂದು ಪುಸ್ತಕದ ಪದದ ಜೊತೆ ಜಗಳಕ್ಕೆ ನಿಂತರೆ ಅದು ನನ್ನ ಮೇಜಿಗೇ ಬರುತ್ತದೆ. ಹೋದ ವಾರ ಹಾಗೆ ಬಂದ ಒಂದು ಜಗಳವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಗಣಿತದ ಕಿರುಪರೀಕ್ಷೆಯಲ್ಲಿ ‘ಘನಕ್ಕೆ ಒಂದು ಉದಾಹರಣೆ ಕೊಡಿ’ ಅಂತ ಕೇಳಿದ್ದೆ. ಲೂಡೋ ದಾಳ, ಸೀಮೆಸುಣ್ಣದ ಡಬ್ಬಿ ಅಂತೆಲ್ಲ ಬರೆದಿದ್ದರು. ಒಬ್ಬ ಹುಡುಗಿ ‘ಗುಂಡುಕಲ್ಲು’ ಅಂತ ಬರೆದಿದ್ದಳು. ಕೆಂಪು ಪೆನ್ನಿನಲ್ಲಿ ಅಡ್ಡಗೆರೆ ಎಳೆದೆ. ಬಿಸಿಯೂಟದ ಹೊತ್ತಿಗೆ ಅವಳು ಪರಿಸರದ ನೋಟ್‌ಬುಕ್ ಹಿಡಿದುಕೊಂಡು ಬಂದಳು. ಅದರಲ್ಲಿ ‘ಘನ, ದ್ರವ, ಅನಿಲ’ ಅಂತ ಮೂರು ಕಾಲಂ. ಘನದ ಕೆಳಗೆ ಕಲ್ಲು, ಕಟ್ಟಿಗೆ, ಕಬ್ಬಿಣ. ಅದರ ಕೆಳಗೆ ನನ್ನದೇ ಸಹಿ.

“ಸರ, ಇದನ್ನೂ ನೀವ ಬರಿಸೀರಿ. ಇದಕ್ಕ ರೈಟ್ ಹಾಕೀರಿ, ಅದಕ್ಕ್ಯಾಕ ತಪ್ಪು ಹಾಕೀರಿ?”

ಅರ್ಧ ಅಂಕ ಕೊಡುತ್ತೇನೆ ಅಂದೆ. “ಅರ್ಧ ಬ್ಯಾಡ್ರಿ, ಯಾವ್ದು ಖರೆ ಅದನ್ನ ಹೇಳ್ರಿ” ಅಂದಳು. ನನಗೆ ಮಾತೇ ಹೊರಡಲಿಲ್ಲ.

ಅವತ್ತು ಸಂಜೆ ಕೂತು ‘ಘನ’ ಎಲ್ಲೆಲ್ಲಿ ಕೂಲಿ ಮಾಡುತ್ತಿದೆ ಅಂತ ಲೆಕ್ಕ ಹಾಕಿದೆ. ವಿಜ್ಞಾನದಲ್ಲಿ ಗಟ್ಟಿಯಾಗಿರುವುದೆಲ್ಲ ಘನ. ಗಣಿತದಲ್ಲಿ ಉದ್ದ, ಅಗಲ, ಎತ್ತರ ಇರುವುದೆಲ್ಲ ಘನಾಕೃತಿ. ಅದೇ ಪಾಠದ ಮುಂದಿನ ಪುಟದಲ್ಲಿ ಮೂರೂ ಸಮನಾಗಿದ್ದರೆ ಮಾತ್ರ ಘನ. ಅಂದರೆ ಗೋಳ ಒಂದು ಘನಾಕೃತಿ, ಆದರೆ ಘನ ಅಲ್ಲ. ಇಟ್ಟಂಗಿಯೂ ಘನಾಕೃತಿ, ಘನ ಅಲ್ಲ, ಆದರೆ ‘ಆಯತ ಘನ’. ಹತ್ತು ವರ್ಷದ ಮಗುವಿನ ಜಾಗದಲ್ಲಿ ನಿಂತು ಇದನ್ನು ಒಮ್ಮೆ ಜೋರಾಗಿ ಓದಿ ನೋಡಿ. ಮುಂದೆ 27 ಎಂಬುದು 3ರ ಘನ, ಡಬ್ಬಿಯೊಳಗೆ ಹಿಡಿಯುವಷ್ಟು ಘನಫಲ. ಊರಲ್ಲಿ ಪಂಚಾಯಿತಿ ಕಸದ ಗಾಡಿಯ ಮೇಲೆ ‘ಘನತ್ಯಾಜ್ಯ’ ಅಂತ ದೊಡ್ಡ ಅಕ್ಷರ. ಭಜನೆಯ ತಾಳ, ಗುಡಿಯ ಜಾಗಟೆ ಎರಡೂ ಘನವಾದ್ಯ. ಇನ್ನು ಮನೆಯಲ್ಲಿ ಹಾಲು ಚೆಲ್ಲಿದರೆ ಅಜ್ಜಿ ‘ಭಾಳ ಘನಂದಾರಿ ಕೆಲಸ ಮಾಡಿದಿ’ ಅಂತ ಬೈಯುತ್ತಾಳೆ.

ಎಲ್ಲಕ್ಕಿಂತ ಮಜಾ ಇರುವುದು ನಮ್ಮ ತುಂಗಭದ್ರಾ ಜಲಾಶಯದ ಸುದ್ದಿಯಲ್ಲಿ. ಮಳೆಗಾಲ ಬಂದರೆ ಇಲ್ಲಿ ಎಲ್ಲರ ಬಾಯಲ್ಲೂ ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ ನೀರು. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ಎಷ್ಟು ಟಿಎಂಸಿ ಹರಿದುಹೋಯಿತು ಅಂತ ಚಹಾದಂಗಡಿಯಲ್ಲಿ ಲೆಕ್ಕ ಹಾಕದವರೇ ಇರಲಿಲ್ಲ. ಅದೇ ಮಾತನ್ನು ತರಗತಿಯಲ್ಲಿ ತೆಗೆದಾಗ ಹಿಂದಿನ ಸಾಲಿನವನೊಬ್ಬ ಎದ್ದು, “ನೀರು ದ್ರವ ಅಲ್ಲೇನ್ರಿ ಸರ, ಮತ್ತ ಘನ ಅಡಿ ಹೆಂಗಾಗ್ತೈತಿ?” ಅಂದ. ಸರಿಯಾದ ಪ್ರಶ್ನೆ. ಅವನನ್ನು ಕೂರಿಸಿ, ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ರಟ್ಟಿನ ಡಬ್ಬಿ ಮಾಡಿಸಿದೆ. ಅದರಲ್ಲಿ 28 ಲೀಟರ್‌ಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ಹೆಚ್ಚುಕಡಿಮೆ ಎರಡು ಕೊಡ. ಡಬ್ಬಿ ನೋಡಿದ ಮೇಲೆ ಘನ ಅಡಿ ಅರ್ಥವಾಯಿತು. ‘ಘನ’ ಮಾತ್ರ ಇನ್ನಷ್ಟು ಗೋಜಲಾಯಿತು.

ಹಾಗಂತ ಡಬ್ಬಿಗೆ ಘನ ಅನ್ನುವುದು ಇತ್ತೀಚೆಗೆ ಯಾರೋ ಪಠ್ಯಪುಸ್ತಕ ಬರೆಯುವವರು ಹುಟ್ಟಿಸಿದ್ದಲ್ಲ. 499ರ ಸುಮಾರಿಗೆ ಆರ್ಯಭಟ ತನ್ನ ಆರ್ಯಭಟೀಯದ ಗಣಿತಪಾದ ಅನ್ನುವ ಅಧ್ಯಾಯದಲ್ಲಿ ಒಂದೇ ಸಾಲಿನಲ್ಲಿ ಎರಡೂ ಅರ್ಥ ಕೊಟ್ಟಿದ್ದಾನೆ: ಸಮನಾದ ಮೂರರ ಗುಣಲಬ್ಧ ಘನ, ಹನ್ನೆರಡು ಅಂಚು ಇರುವುದೂ ಘನ. ಅವನ ಪದ ‘ದ್ವಾದಶಾಶ್ರಿ’. ಮಕ್ಕಳಿಗೆ ಜೋಳದ ದಂಟಿನ ಬೆಂಡು ಮತ್ತು ಕಡ್ಡಿ ಕೊಟ್ಟು ಡಬ್ಬಿ ಕಟ್ಟಿಸಿದರೆ ಸರಿಯಾಗಿ ಹನ್ನೆರಡು ಕಡ್ಡಿಯೇ ಬೇಕಾಗುತ್ತದೆ. ಹದಿಮೂರನೆಯದು ಕೈಯಲ್ಲಿ ಉಳಿಯುತ್ತದೆ. ಇನ್ನು ಸಂಸ್ಕೃತದಲ್ಲಿ ಘನದ ಬೇರು ‘ಹನ್’, ಹೊಡಿ ಅಂತ. ಹೊಡೆಯುವ ಗದೆಯೂ ಘನ, ಒತ್ತಾಗಿ ಗಟ್ಟಿಯಾದದ್ದೂ ಘನ. ಹೊಡೆದು ನುಡಿಸುವ ತಾಳ ಘನವಾದ್ಯ ಆದದ್ದನ್ನು ಇದರ ಜೊತೆ ಇಟ್ಟು ನೋಡಿದರೆ ಹೊಂದುತ್ತದೆ. ಎರಡೂ ಅರ್ಥ ಹಳೆಯವೇ, ಎರಡಕ್ಕೂ ಹಕ್ಕು ಇದೆ. ಆದ್ದರಿಂದ ಯಾವುದನ್ನೂ ಓಡಿಸಿ ಅಂತ ನಾನು ಕೇಳುತ್ತಿಲ್ಲ. ಐದನೇ ತರಗತಿಯ ಮಟ್ಟಿಗೆ ಒಂದಕ್ಕೆ ಬೇರೆ ಹೆಸರು ಬೇಕು, ಅಷ್ಟೇ.

ನಾನೇ ಒಂದು ಪ್ರಯತ್ನ ಮಾಡಿ ಸೋತೆ. ಘನಾಕೃತಿಗೆ ‘ಗಟ್ಟಿ ಆಕಾರ’ ಅಂದು ನೋಡಿದೆ. ಒಬ್ಬ ಖಾಲಿ ಡಬ್ಬಿಯನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, “ಇದ್ಯಾವ ಗಟ್ಟಿ ಸರ?” ಅಂದ. ಗಣಿತದ ಘನಾಕೃತಿ ಒಳಗೆ ತುಂಬಿರಲೇಬೇಕು ಅಂತಿಲ್ಲ, ಗಟ್ಟಿ ಇರಬೇಕು ಅಂತಲೂ ಇಲ್ಲ. ಊದಿದ ಬಲೂನೂ ಗೋಳವೇ. ‘ಮೂರು ಆಯಾಮದ ಆಕೃತಿ’ ಸರಿಯಿದೆ, ಆದರೆ ಆಯಾಮ ಅನ್ನುವುದನ್ನು ಮೊದಲು ಬಿಡಿಸಿ ಹೇಳಬೇಕು. ಈಗ ನನ್ನ ತಲೆಯಲ್ಲಿ ಇರುವುದು ‘ಮೈಯುಳ್ಳ ಆಕಾರ’. ಮೈ ಅಂದರೆ ಹೊರಮೈಯೂ ಆಯಿತು, ದೇಹವೂ ಆಯಿತು. ಕೇಳಲು ಸ್ವಲ್ಪ ವಿಚಿತ್ರ ಅಲ್ವಾ? ನನಗೂ ಹಾಗೇ ಅನಿಸುತ್ತದೆ.

ಸಮತಲಾಕೃತಿಯ ಕಡೆಯೂ ಸುಖವಿಲ್ಲ. ಹನ್ನೆರಡನೇ ಶತಮಾನದಲ್ಲಿ ಕನ್ನಡದಲ್ಲೇ ಗಣಿತ ಬರೆದ ರಾಜಾದಿತ್ಯನ ಒಂದು ಕೃತಿಯ ಹೆಸರು ಕ್ಷೇತ್ರಗಣಿತ. ಕ್ಷೇತ್ರ ಅಂದರೆ ಹೊಲ. ಹೊಲಕ್ಕೆ ಉದ್ದ ಇದೆ, ಅಗಲ ಇದೆ, ದಪ್ಪದ ಮಾತು ಯಾರೂ ಎತ್ತುವುದಿಲ್ಲ. ಎಷ್ಟು ಚೆನ್ನಾಗಿದೆ ಆ ಪದ! ನಾವೋ, ವೃತ್ತಕ್ಕೆ ಉದಾಹರಣೆ ಕೊಡಿ ಅಂದರೆ ರೊಟ್ಟಿ ಅನ್ನುತ್ತೇವೆ. ನಾನೂ ಅಂದೆ. ಒಬ್ಬಳು ಮರುದಿನ ಬುತ್ತಿಯಲ್ಲಿ ಆರು ಖಡಕ್ ರೊಟ್ಟಿ ತಂದು ಒಂದರ ಮೇಲೊಂದು ಪೇರಿಸಿ, “ಸರ, ಈಗ ಸಿಲಿಂಡರ್ ಆತು” ಅಂದಳು. ದಪ್ಪವೇ ಇಲ್ಲದ ಆರು ವೃತ್ತ ಪೇರಿಸಿದರೆ ಎತ್ತರ ಎಲ್ಲಿಂದ ಬಂತು? ಅವತ್ತಿನಿಂದ ರೊಟ್ಟಿ ವೃತ್ತ ಅನ್ನುವುದನ್ನು ಬಿಟ್ಟಿದ್ದೇನೆ. ‘ರೊಟ್ಟಿಯ ಸುತ್ತ ಗೆರೆ ಎಳೆದರೆ ನೆಲದ ಮೇಲೆ ಉಳಿಯುವುದು ವೃತ್ತ’ ಅನ್ನುತ್ತೇನೆ. ರೊಟ್ಟಿ ಎತ್ತಿ ತಿಂದುಬಿಡಬಹುದು, ಗೆರೆ ಅಲ್ಲೇ ಇರುತ್ತದೆ.

ಸಿಲಿಂಡರ್ ಅನ್ನುವುದಕ್ಕೆ ನನ್ನ ತಕರಾರಿಲ್ಲ. ಎಲ್ಲರ ಮನೆಯಲ್ಲೂ ಗ್ಯಾಸ್ ಇದೆ, ಪದ ಬಾಯಿಗೆ ಬಂದಿದೆ. ಆದರೆ ಗ್ಯಾಸ್ ಸಿಲಿಂಡರಿನ ತಲೆ ಬುಡ ಎರಡೂ ಉಬ್ಬಿವೆ, ಅದನ್ನು ಚಿತ್ರದ ಸಿಲಿಂಡರ್‌ಗೆ ಹೋಲಿಸಲು ಹೋಗಬೇಡಿ. ‘ಸ್ತಂಭಾಕೃತಿ’ ಅನ್ನುವವರೂ ಇದ್ದಾರೆ. ಅಂಥವರು ಒಮ್ಮೆ ನಮ್ಮ ಇಟಗಿಯ ಮಹಾದೇವ ದೇವಾಲಯಕ್ಕೆ ಬರಬೇಕು. 1112ರಲ್ಲಿ ಕಟ್ಟಿದ್ದು. ಅಲ್ಲಿನ ಕಂಬಗಳಲ್ಲಿ ಬುಡ ಚೌಕ, ಮೇಲೆ ಹೋದ ಹಾಗೆ ತಿರುಗಣೆಗೆ ಹಾಕಿ ತೆಗೆದಂತೆ ದುಂಡು. ಒಂದೇ ಸ್ತಂಭದಲ್ಲಿ ಅರ್ಧ ಪಾಠ ಮುಗಿಯುತ್ತದೆ, ಯಾವ ಆಕೃತಿಗೆ ಸ್ತಂಭ ಅಂತ ಹೆಸರಿಡುತ್ತೀರಿ?

ಶಂಕುವಿನ ವಿಷಯದಲ್ಲಿ ಒಂದು ತಿದ್ದುಪಡಿ. ಅದು ಶಂಖ ಅಲ್ಲ. ಬೋರ್ಡಿನ ಮೇಲೆ ‘ಶಂಖಾಕೃತಿ’ ಅಂತ ಬರೆದು ಪಕ್ಕದಲ್ಲಿ ಐಸ್‌ಕ್ರೀಮ್ ಕೋನ್ ಬರೆಯುವವರನ್ನು ನೋಡಿದ್ದೇನೆ. ಶಂಕು ಅಂದರೆ ಗೂಟ. ಶಂಕುಸ್ಥಾಪನೆ ಅನ್ನುವ ಕಲ್ಲು ಪ್ರತಿ ಊರಲ್ಲೂ ಇದೆ, ಆ ಹೆಸರಿನಲ್ಲಿ ಇರುವುದು ಗೂಟವೇ ಹೊರತು ಶಂಖವಲ್ಲ. ನಮ್ಮ ಕಡೆ ಮಕ್ಕಳಿಗೆ ಶಂಕು ತೋರಿಸಲು ಕೋನ್ ಐಸ್‌ಕ್ರೀಮೇ ಬೇಕಿಲ್ಲ. ಗಂಗಾವತಿ ಕಡೆ ಸುಗ್ಗಿಯಲ್ಲಿ ಹೋದರೆ ರಸ್ತೆ ಬದಿಗೆಲ್ಲ ಭತ್ತದ ರಾಶಿ. ಮೊರದಿಂದ ಸುರಿದಂತೆ ರಾಶಿ ತಾನೇ ಶಂಕುವಾಗುತ್ತದೆ, ಯಾರೂ ತಿದ್ದಬೇಕಿಲ್ಲ. ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ ‘ರಾಶಿವ್ಯವಹಾರ’ ಅಂತಲೇ ಒಂದು ಭಾಗ ಇದೆ: ರಾಶಿಯ ಸುತ್ತಳತೆಯ ಆರನೇ ಒಂದು ಭಾಗ ತೆಗೆದು, ಅದರ ವರ್ಗ ಮಾಡಿ, ಎತ್ತರದಿಂದ ಗುಣಿಸು. ಹಗ್ಗ ಒಂದಿದ್ದರೆ ಸಾಕು, ಪೈ ಬೇಕಿಲ್ಲ. ಉತ್ತರ ನಿಜದ ಲೆಕ್ಕಕ್ಕೆ ತುಂಬಾ ಹತ್ತಿರ ಬರುತ್ತದೆ. ಹಾಗಾಗಿ ಶಂಕುವಿಗೆ ಕೆಳತರಗತಿಯಲ್ಲಿ ‘ರಾಶಿಯಾಕಾರ’ ಅನ್ನಬಹುದೇ? ಕೋನ್ ಅನ್ನುವುದಕ್ಕೆ ನನಗೆ ಹೆದರಿಕೆ. ಪಕ್ಕದಲ್ಲೇ ‘ಕೋನ’ ಇದೆ, ಅದು ಬೇರೆ ಪಾಠ, ಬೇರೆ ಸಂಕಟ.

ಗೋಳಕ್ಕೂ ವೃತ್ತಕ್ಕೂ ಮಕ್ಕಳು ಒಂದೇ ಪದ ಹೇಳುತ್ತಾರೆ, ‘ದುಂಡಗ’. ಆದರೆ ಕನ್ನಡದಲ್ಲಿ ಎರಡು ಪದ ಇವೆ, ದುಂಡು ಮತ್ತು ಗುಂಡು. ದುಂಡುಮೇಜಿನ ಸಭೆ ಅನ್ನುತ್ತೇವೆ, ಯಾರೂ ಗುಂಡುಮೇಜು ಅನ್ನುವುದಿಲ್ಲ. ಗುಂಡು ಎಸೆತ, ಗುಂಡುಕಲ್ಲು, ಗುಂಡುಸೂಜಿ ಅನ್ನುತ್ತೇವೆ. ಚಪ್ಪಟೆಗೆ ದುಂಡು, ಉರುಳುವುದಕ್ಕೆ ಗುಂಡು ಅಂತ ಗೆರೆ ಎಳೆಯಬಹುದು ಅನ್ನುವ ಆಸೆ. ಆದರೆ ದುಂಡುಮಲ್ಲಿಗೆ ಅಡ್ಡ ಬರುತ್ತದೆ, ಅದರ ಮೊಗ್ಗು ಚಪ್ಪಟೆಯಲ್ಲ. ರುಬ್ಬುಗುಂಡೂ ಪೂರ್ತಿ ಗೋಳವಲ್ಲ. ನಿಮ್ಮ ಕಡೆ ಬಳಕೆ ಹೇಗಿದೆ? ಮೈಸೂರು, ಮಂಗಳೂರು ಕಡೆಯವರು ದಯವಿಟ್ಟು ಬರೆಯಿರಿ.

ಚೌಕದ ಬಗ್ಗೆ ಒಂದೇ ಮಾತು: ‘ಚಚ್ಚೌಕ’ ಬಳಸಿ. ಬಟ್ಟಬಯಲು, ನಟ್ಟನಡುವೆ, ತುತ್ತತುದಿ ಇದ್ದ ಹಾಗೆ ಚಚ್ಚೌಕ. ನಾಲ್ಕೂ ಬದಿ ಸಮ ಅನ್ನುವುದು ಪದದ ಒತ್ತಿನಲ್ಲೇ ಕೇಳಿಸುತ್ತದೆ.

ಇನ್ನು ಮುಖ, ಅಂಚು, ಶೃಂಗ (ಅಂಚುಗಳು ಬಂದು ಕೂಡುವ ಬಿಂದು). ಮುಖಕ್ಕೆ ತೊಂದರೆ ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ಡಬ್ಬಿಗೆ ಎಷ್ಟು ಮುಖ ಅಂದ ತಕ್ಷಣ ಒಬ್ಬ ‘ಷಣ್ಮುಖ’ ಅಂದ. ಸಂಡೂರಿನ ಕುಮಾರಸ್ವಾಮಿ ಗುಡಿಗೆ ಹೋಗಿಬಂದವನು. ಚೌಕ ಬುಡದ ಪಿರಮಿಡ್ ತೋರಿಸಿದರೆ, ರಾಯಚೂರು ಕಡೆಯ ನೆಂಟರಿರುವ ಹುಡುಗಿ ಎಣಿಸಿ ‘ಪಂಚಮುಖಿ’ ಅಂದಳು. ಅಲ್ಲಿಯ ಪಂಚಮುಖಿ ಆಂಜನೇಯ ಅವಳಿಗೆ ಗೊತ್ತು. ನಾಲ್ಕೂ ಕಡೆ ತ್ರಿಭುಜ ಇರುವುದಕ್ಕೆ ಚತುರ್ಮುಖ ಬ್ರಹ್ಮ ಸಿದ್ಧವಾಗೇ ಇದ್ದ. ಡೊಳ್ಳು ತಂದಿಟ್ಟೆ, ಎರಡು ಮುಖ ಅಂದರು. ನಡುವಿನ ಬಾಗಿದ ಭಾಗ? “ಅದು ಹೊಟ್ಟಿ ಸರ.” ವಕ್ರಮುಖ ಅಂತ ಬರೆಸಿದೆ, ಆದರೆ ಮನಸ್ಸಿನಲ್ಲಿ ಹೊಟ್ಟೆಯೇ ಉಳಿದಿದೆ.

ಶೃಂಗ ಮಾತ್ರ ಯಾರ ಬಾಯಿಗೂ ಹತ್ತಲಿಲ್ಲ. ‘ಮೂಲೆ’ ಅಂದರೆ ಆಗುತ್ತಿತ್ತು, ಅದರಲ್ಲೂ ಒಂದು ಸಿಕ್ಕಿದೆ. ‘ಮೂಲ್ಯಾಗ ನಿಂದ್ರು’ ಅಂತ ಮಗುವನ್ನು ಕಳಿಸಿದರೆ ಅದು ನಿಲ್ಲುವುದು ಎರಡು ಗೋಡೆ ಕೂಡುವಲ್ಲಿ. ನೆಲದಿಂದ ಸೂರಿನವರೆಗೂ ಅದು ಮೂಲೆಯೇ. ಗಣಿತದ ಲೆಕ್ಕಕ್ಕೆ ಅದು ಅಂಚು. ಶೃಂಗ ಇರುವುದು ಅದರ ಬುಡದಲ್ಲಿ, ಕಸಬರಿಗೆ ತಲುಪದೆ ಕಸ ಕೂರುತ್ತದಲ್ಲ, ಆ ಚುಕ್ಕೆ. ಅದಕ್ಕೆ ‘ಮೊನೆ’ ಅನ್ನಬಹುದು ಅನಿಸಿತು. ಡಬ್ಬಿಯನ್ನು ಹೊರಗಿನಿಂದ ಮುಟ್ಟಿದರೆ ಚುಚ್ಚುವುದು ಅದೇ. ಎಂಟು ಮೊನೆ, ಹನ್ನೆರಡು ಅಂಚು, ಆರು ಮುಖ. ಹೇಳಲು ಚೆನ್ನಾಗಿದೆ. ಆದರೆ ಮುಂದಿನ ತರಗತಿಯಲ್ಲಿ ಶೃಂಗವೇ ಬರುತ್ತದೆ, ಪರೀಕ್ಷೆಯಲ್ಲೂ ಅದೇ. ಎರಡೆರಡು ಪದ ಕಲಿಸಿ ಮಕ್ಕಳಿಗೆ ಭಾರ ಮಾಡುತ್ತಿದ್ದೇನೆಯೇ ಅನ್ನುವ ಅನುಮಾನವೂ ಇದೆ. ಪಾಠ ಮಾಡಿದ ಅನುಭವ ಇರುವವರು ಹೇಳಿ.

ಹಾಗಾದರೆ ನನಗೆ ಬೇಕಾಗಿರುವುದು ಮುಖ್ಯವಾಗಿ ‘ಘನ’ದ ಉತ್ತರ. ಡಬ್ಬಿಗೆ ಬೇರೆ ಹೆಸರೋ, ಗಟ್ಟಿ ವಸ್ತುವಿಗೆ ಬೇರೆ ಹೆಸರೋ? ‘ದಾಳ’ ಅನ್ನಿ ಅಂತ ಒಬ್ಬರು ಫೋನಿನಲ್ಲಿ ಹೇಳಿದರು. ಲೂಡೋ ದಾಳಕ್ಕೆ ಸರಿ, ಆದರೆ ನಮ್ಮಜ್ಜನ ಪಗಡೆಯ ದಾಳ ಬೆರಳುದ್ದ ಇತ್ತು, ಅದು ಆಯತ ಘನ. ‘ಚಚ್ಚೌಕ ಡಬ್ಬಿ’ ಅಂದರೆ ನಗುತ್ತೀರಾ? ನಕ್ಕರೂ ಪರವಾಗಿಲ್ಲ, ಬೇರೆ ಪದ ಕೊಟ್ಟು ನಗಿ.

ಆ ಹುಡುಗಿಯ ಉತ್ತರಪತ್ರಿಕೆ ಇನ್ನೂ ನನ್ನ ಚೀಲದಲ್ಲೇ ಇದೆ. ಕೆಂಪು ಗೆರೆಯ ಮೇಲೆ ವೈಟ್ನರ್ ಹಚ್ಚಿದ್ದೇನೆ, ಅಂಕ ಬರೆದಿಲ್ಲ. ಸೋಮವಾರ ವಾಪಸ್ ಕೊಡಬೇಕು.